ಕಾದ ಕಬ್ಬಿಣಕ್ಕೆ ಯಾವ ಬಣ್ಣ?

ಡಿಪ್ಲೊಮಾ ಎರಡನೆಯ ವರ್ಷದಲ್ಲಿ ಓದುತ್ತಿರುವ ಹುಡುಗನೊಬ್ಬ ಚಿತ್ರದುರ್ಗದ ಕಡೆಯಿಂದ ಪತ್ರ ಬರೆದಿದ್ದಾನೆ. ಅವನ ತಾತ ಕೊಂಡಿದ್ದ ಅಂಬಾಸಡರ್ ಕಾರು ಹತ್ತಾರು ವರ್ಷಗಳಿಂದ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿತ್ತಂತೆ. ಗುಜರಿಗೆ ಹಾಕೋಣವೆಂದು ಅಪ್ಪ, ಓಡಿಸಿ ತೋರಿಸುತ್ತೇನೆಂದು ಮಗ. ಯುಗಾದಿಯೊಳಗೆ ಕಾರು ತಾನಾಗಿ ಊರು ಸುತ್ತಿ ಬಂದರೆ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ತೂಕಕ್ಕೆ ಹಾಕುವುದೇ ಸರಿ ಎಂದು ಅಪ್ಪ ಗಡುವು ಕೊಟ್ಟಿದ್ದಾರೆ. ಹುಡುಗ ರಜೆಯನ್ನೆಲ್ಲ ಸವೆಸಿ ಎಂಜಿನ್ ಚಾಲೂ ಮಾಡಿದ. ತುಕ್ಕು ಹಿಡಿದಿದ್ದ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಪೇಟೆಯ ಅಂಗಡಿಯಲ್ಲಿ ‘ಹೀಟ್ ಪೇಂಟ್’ ಎಂದು ಕೊಟ್ಟ ಬೆಳ್ಳಿ ಬಣ್ಣವನ್ನು ತಂದು ಬಳಿದ. ಮೂರನೆಯ ದಿನ ಬಾನೆಟ್ಟಿನೊಳಗಿಂದ ಕಮಟು ಹೊಗೆ ಬಂತು. ತೆರೆದು ನೋಡಿದರೆ ಬಣ್ಣ ಸುಟ್ಟ ಹಪ್ಪಳದಂತೆ ಎದ್ದು ಉದುರುತ್ತಿತ್ತು. ‘ಅಪ್ಪ ಏನೂ ಅನ್ನಲಿಲ್ಲ, ನಕ್ಕರು ಅಷ್ಟೇ. ಇನ್ನೊಂದು ಡಬ್ಬಿಗೆ ದುಡ್ಡು ಕೇಳಲು ಬಾಯಿ ಬರುತ್ತಿಲ್ಲ. ಯಾವ ಬಣ್ಣ ತರಲಿ ಸಾರ್?’ ಎಂದು ಕೇಳಿದ್ದಾನೆ.

ಡಬ್ಬಿಯ ಹೆಸರು ಹೇಳಿ ಪತ್ರ ಮುಗಿಸಿಬಿಡಬಹುದಿತ್ತು. ಆದರೆ ಈ ಪ್ರಶ್ನೆಯ ಹೊಟ್ಟೆಯಲ್ಲಿ ಹತ್ತನೆಯ ತರಗತಿಯಿಂದ ಪಿಯುಸಿವರೆಗಿನ ರಸಾಯನಶಾಸ್ತ್ರ, ಭೌತಶಾಸ್ತ್ರ ಎರಡೂ ಅಡಗಿವೆ. ಅದನ್ನು ತಿಳಿದುಕೊಂಡರೆ ಅಂಗಡಿಯವನ ಮಾತಿಗೆ ಜೋತುಬೀಳಬೇಕಾಗಿಲ್ಲ.

ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಂದ ಹೊರಬೀಳುವ ಉರಿದ ಅನಿಲಗಳನ್ನು ಒಟ್ಟುಗೂಡಿಸಿ ಸೈಲೆನ್ಸರಿನ ಕೊಳವೆಗೆ ದಾಟಿಸುವ ಕವಲುಗೊಳವೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಹಳೆಯ ಕಾರುಗಳಲ್ಲಿ ಇದು ಬೀಡುಕಬ್ಬಿಣದ ಎರಕ. ಅಂಬಾಸಡರಿನಲ್ಲಿ ಬಹುಕಾಲ ಇದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ವಿಶೇಷವಿದೆ. ಪೆಟ್ರೋಲ್ ಮಿಶ್ರಣ ಒಳಹೋಗುವ ದಾರಿ, ಹೊಗೆ ಹೊರಬರುವ ದಾರಿ ಎರಡೂ ಒಂದೇ ಮಗ್ಗುಲಲ್ಲಿವೆ. ಕೆಳಗೆ ಕೆಂಡದಂಥ ಮ್ಯಾನಿಫೋಲ್ಡ್, ಅದರ ಮೇಲೆಯೇ ಕಾರ್ಬ್ಯುರೇಟರ್. ಹೀಗಾಗಿ ಇಲ್ಲಿ ಬಣ್ಣ ಸುಟ್ಟು ಹೊಗೆಯಾಡುವುದನ್ನು ನಕ್ಕು ಬಿಡುವಂತಿಲ್ಲ. ಕಾರ್ಬ್ಯುರೇಟರಿನಿಂದ ತೊಟ್ಟಿಕ್ಕುವ ಪೆಟ್ರೋಲನ್ನಂತೂ ಒಂದು ದಿನವೂ ಸಹಿಸಬಾರದು.

ಅದು ಎಷ್ಟು ಕಾಯುತ್ತದೆ? ನಿಂತಲ್ಲೇ ಸುಮ್ಮನೆ ಓಡುವ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡಿನ ಹೊರಮೈ ಇನ್ನೂರು, ಮುನ್ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬಹುದು. ಐದಾರು ಜನರನ್ನು ಕೂರಿಸಿಕೊಂಡು, ಮೇಲೆ ಸಾಮಾನು ಹೇರಿಕೊಂಡು ಚಾರ್ಮಾಡಿ ಘಾಟಿ ಏರುವಾಗಿನ ಮಾತೇ ಬೇರೆ. ಆಗ ಒಳಗಿನ ಅನಿಲದ ಕಾವು 700-800 ಡಿಗ್ರಿ ಮುಟ್ಟುತ್ತದೆ, ಹೊರಮೈ 500ನ್ನು ದಾಟಬಲ್ಲದು. ನ್ಯೂಯಾರ್ಕಿನಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ವಿಲಿಯಂ ಡ್ರೇಪರ್ 1847ರಲ್ಲಿ ಒಂದು ಸೊಗಸಾದ ಸಂಗತಿಯನ್ನು ತೋರಿಸಿಕೊಟ್ಟರು. ಕಬ್ಬಿಣವಿರಲಿ, ಪ್ಲಾಟಿನಮ್ ಇರಲಿ, ಘನವಸ್ತುಗಳು ಕಾದು ಕಣ್ಣಿಗೆ ಕಾಣುವಂತೆ ಮಂದವಾಗಿ ಕೆಂಪೇರಲು ತೊಡಗುವುದು ಸುಮಾರು 525 ಡಿಗ್ರಿಯಲ್ಲಿ. ರಾತ್ರಿ ಘಾಟಿ ಹತ್ತಿ ನಿಲ್ಲಿಸಿ, ಬಾನೆಟ್ ಎತ್ತಿದಾಗ ಮ್ಯಾನಿಫೋಲ್ಡ್ ನಸುಗೆಂಪಾಗಿ ಕಂಡರೆ ಥರ್ಮಾಮೀಟರಿಲ್ಲದೆಯೇ ಅಳತೆ ಸಿಕ್ಕಿತು ಎನ್ನಿ. ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಇದಕ್ಕೆ ಹಿಡಿಯಲು ಹೋಗಬೇಡಿ. ಅದು ಮನುಷ್ಯನ ಜ್ವರಕ್ಕೆ ಮಾಡಿದ್ದು.

ಈಗ ಬಣ್ಣದ ವಿಷಯ. ಯಾವ ಪೇಂಟನ್ನೇ ತೆಗೆದುಕೊಳ್ಳಿ, ಅದರಲ್ಲಿ ಮುಖ್ಯವಾಗಿ ಮೂರು ಪಾಲು: ಬಣ್ಣ ಕೊಡುವ ಪುಡಿ, ಆ ಪುಡಿಯನ್ನು ಒಂದಕ್ಕೊಂದು ಅಂಟಿಸಿ ಲೋಹಕ್ಕೂ ಹಿಡಿಸುವ ರಾಳ, ಇವೆರಡನ್ನೂ ತೆಳ್ಳಗೆ ಹರಡುವಂತೆ ಮಾಡಿ ಆಮೇಲೆ ಆವಿಯಾಗಿ ಹೋಗುವ ದ್ರಾವಕ. ಕಣ್ಣಿಗೆ ಕಾಣುವುದು ಪುಡಿ. ಕಾವಿನ ಪರೀಕ್ಷೆ ನಡೆಯುವುದು ರಾಳಕ್ಕೆ. ಹುಡುಗ ತಂದ ಬೆಳ್ಳಿ ಬಣ್ಣ ಹೆಚ್ಚಾಗಿ ಕಿಟಕಿ ಸರಳಿಗೆ, ಗೇಟಿಗೆ ಬಳಿಯುವ ಬಗೆಯದೇ ಇರಬೇಕು. ಅದರಲ್ಲಿಯೂ ಅಲ್ಯೂಮಿನಿಯಮ್ ಪುಡಿಯಿದೆ. 600 ಡಿಗ್ರಿ ತಡೆಯುವ ಬಣ್ಣದಲ್ಲಿಯೂ ಅದೇ ಪುಡಿಯಿದೆ. ಎರಡು ಡಬ್ಬಿಗಳ ಮುಚ್ಚಳ ತೆಗೆದು ಪಕ್ಕಪಕ್ಕದಲ್ಲಿಟ್ಟರೆ ನನಗೂ ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ, ಅಂಗಡಿಯವನಿಗೂ ಗೊತ್ತಾಗಲಿಕ್ಕಿಲ್ಲ.

ಸಾಮಾನ್ಯ ಎನಾಮಲ್ ಪೇಂಟಿನ ರಾಳ ಎಣ್ಣೆಯ ಸಂಬಂಧಿ. ಅದರ ಬೆನ್ನೆಲುಬು ಇಂಗಾಲದ ಸರಪಳಿ. ಹೊಸ ದೋಸೆ ಕಾವಲಿಯನ್ನು ತಾಯಂದಿರು ಹೇಗೆ ಹದಮಾಡುತ್ತಾರೆ ನೋಡಿದ್ದೀರಲ್ಲ? ಎಣ್ಣೆ ಸವರಿ ಕಾಯಿಸುತ್ತಾರೆ. ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಕರಿ ಪದರವಾಗುತ್ತದೆ. ಅದೂ ಒಂದು ಬಗೆಯ ಬಣ್ಣವೇ. ಆದರೆ ಅದೇ ಕಾವಲಿಯನ್ನು ಮರೆತು ಒಲೆಯ ಮೇಲೆ ಬಿಟ್ಟರೆ ಆ ಪದರ ಸುಟ್ಟು ಬೂದಿಯಾಗಿ, ಬರಿಯ ಕಬ್ಬಿಣ ಮತ್ತೆ ಕಾಣಿಸಿಕೊಳ್ಳುತ್ತದೆ. ಇಂಗಾಲಕ್ಕೆ ಆಮ್ಲಜನಕದ ಮೇಲೆ ಆಸೆ ಜಾಸ್ತಿ. ಕಾವು ಸಿಕ್ಕರೆ ಉರಿದುಹೋಗುತ್ತದೆ. ಸಾಧಾರಣ ಎನಾಮಲ್ ನೂರು ಡಿಗ್ರಿಯ ಆಸುಪಾಸಿನಲ್ಲೇ ಹಳದಿಗಟ್ಟಲು ತೊಡಗುತ್ತದೆ. ಅದಕ್ಕೂ ಹಿಂದಿನವರು ಬಳಸುತ್ತಿದ್ದ ಅರಗು ಇನ್ನೂ ನಾಜೂಕು, ಎಪ್ಪತ್ತೆಂಬತ್ತು ಡಿಗ್ರಿಗೇ ಮೆತ್ತಗಾಗುತ್ತದೆ. (ಚುನಾವಣೆಯ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ.)

ಕಾವು ತಡೆಯುವ ಬಣ್ಣದಲ್ಲಿ ಇಂಗಾಲದ ಬೆನ್ನೆಲುಬಿನ ಬದಲು ಸಿಲಿಕಾನ್, ಆಮ್ಲಜನಕ, ಮತ್ತೆ ಸಿಲಿಕಾನ್, ಮತ್ತೆ ಆಮ್ಲಜನಕ ಎಂದು ಪೋಣಿಸಿದ ಸರವಿದೆ. ಇದೇ ಸಿಲಿಕೋನ್ ರಾಳ. ಒಂದು ಮೋಲ್ ಇಂಗಾಲ-ಇಂಗಾಲ ಬಂಧವನ್ನು ಕಡಿಯಲು ಸುಮಾರು 350 ಕಿಲೋಜೂಲ್ ಸಾಕು; ಸಿಲಿಕಾನ್-ಆಮ್ಲಜನಕ ಬಂಧಕ್ಕೆ ಸುಮಾರು 450 ಬೇಕು. ಇನ್ನೊಂದು ಮಾತು. ಈ ಸಿಲಿಕಾನ್ ಆಗಲೇ ಆಮ್ಲಜನಕದ ಕೈ ಹಿಡಿದಾಗಿದೆ. ಬೂದಿಗೆ ಬೆಂಕಿ ಹಚ್ಚಿದರೆ ಹತ್ತೀತೇ? ಇದರ ಸ್ಥಿತಿಯೂ ಹಾಗೆಯೇ. ನಮ್ಮ ಹೊಳೆಯ ಮರಳಿನಲ್ಲಿರುವುದೂ ಇದೇ ಬಂಧ.

ಸರದ ಪಕ್ಕದಲ್ಲಿ ಮೀಥೈಲ್, ಫೀನೈಲ್ ಎಂಬ ಇಂಗಾಲದ ಗುಂಪುಗಳು ರೆಂಬೆಗಳಂತೆ ಇರುತ್ತವೆ. ಅವು ಇರುವುದರಿಂದಲೇ ರಾಳ ದ್ರಾವಕದಲ್ಲಿ ಕರಗುತ್ತದೆ, ಬ್ರಷ್ಷಿಗೆ ಬಗ್ಗುತ್ತದೆ. ಫೀನೈಲ್ ಹೆಚ್ಚು ಕಾವು ತಾಳುತ್ತದೆ, ಮೀಥೈಲ್ ಅಷ್ಟಿಲ್ಲ. ಕಾವು ಮುನ್ನೂರು, ನಾನ್ನೂರು ದಾಟಿದಂತೆ ಈ ರೆಂಬೆಗಳು ಸುಟ್ಟು ಹೋಗುತ್ತವೆ. ಉಳಿಯುವುದು ಮರಳಿನಂಥ ಜಾಲ. ಅದು ಅಲ್ಯೂಮಿನಿಯಮ್ ಪುಡಿಯನ್ನು ಕಬ್ಬಿಣಕ್ಕೆ ಹಿಡಿದು ನಿಲ್ಲಿಸುತ್ತದೆ. ಒಳ್ಳೆಯ ಬಣ್ಣವೂ ಸುಡುತ್ತದೆ ಎಂದಾಯಿತು. ಕೆಟ್ಟದು ಸುಟ್ಟು ಉದುರುತ್ತದೆ, ಒಳ್ಳೆಯದು ಸುಟ್ಟು ಗಟ್ಟಿಯಾಗುತ್ತದೆ.

ಸಿಲಿಕೋನ್ ಎಂಬ ಹೆಸರನ್ನು ಬಳಕೆಗೆ ತಂದವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿದ್ದ ಫ್ರೆಡರಿಕ್ ಕಿಪಿಂಗ್. ದಶಕಗಟ್ಟಲೆ ಇವುಗಳ ಮೇಲೆ ಕೆಲಸ ಮಾಡಿದರೂ, ಇದರಿಂದ ಸದ್ಯಕ್ಕೆ ದೊಡ್ಡ ಪ್ರಯೋಜನವಾದೀತೆಂಬ ಭರವಸೆ 1930ರ ದಶಕದಲ್ಲಿಯೂ ಅವರಿಗಿರಲಿಲ್ಲ. ಅಮೆರಿಕದ ಯೂಜೀನ್ ರೋಶೋ 1940ರಲ್ಲಿ ಇವನ್ನು ಅಗ್ಗವಾಗಿ ತಯಾರಿಸಲು ಬೇಕಾದ ವಿಧಾನ ಕಂಡುಹಿಡಿದರು, 1943ರಲ್ಲಿ ಡೌ ಕಾರ್ನಿಂಗ್ ಎಂಬ ಕಂಪನಿಯೇ ಹುಟ್ಟಿತು. ಮಾರ್ಕ್ಸ್ ಬರದ ವಿಷಯವನ್ನು ಓದುವುದೇಕೆ ಎಂದು ಮಕ್ಕಳನ್ನು ಕೇಳುವ ಪಾಲಕರು ಇದನ್ನು ಒಂದು ಕ್ಷಣ ನೆನೆಯಬಹುದು.

ಪುಡಿಯ ಆಯ್ಕೆಯಲ್ಲೂ ಮೋಸ ಹೋಗುವುದುಂಟು. ಕೆಂಪು, ಹಳದಿ, ನೀಲಿಯ ಹೊಳಪು ಬಣ್ಣಗಳಲ್ಲಿ ಬಹುಪಾಲು ಇಂಗಾಲದ ಸಂಯುಕ್ತಗಳು, ಅವು ಇಲ್ಲಿ ನಿಲ್ಲುವುದಿಲ್ಲ. ಕಪ್ಪು ಬೇಕೆಂದರೆ ಯಾವ ಕಪ್ಪು ಎಂದು ಕೇಳಬೇಕು. ದೀಪದ ಕಾಡಿಗೆಯಂಥ ಕಾರ್ಬನ್ ಕಪ್ಪು ಬಿಸಿಯಲ್ಲಿ ಉರಿದೇ ಹೋಗುತ್ತದೆ. ಕಬ್ಬಿಣದ ಕಪ್ಪು ಆಕ್ಸೈಡ್ ಇನ್ನಷ್ಟು ಆಮ್ಲಜನಕ ಕುಡಿದು ಕೆಂಪು ಆಕ್ಸೈಡ್ ಆಗುತ್ತದೆ. ‘ಕಪ್ಪು ಹೊಡೆಸಿದೆ, ತಿಂಗಳಲ್ಲಿ ಕಂದಾಯಿತು, ತುಕ್ಕೇ ಬಂತು’ ಎನ್ನುವವರಲ್ಲಿ ಕೆಲವರು ನೋಡಿದ್ದು ತುಕ್ಕಲ್ಲ, ಬಣ್ಣದ ಪುಡಿಯೇ ಬಣ್ಣ ಬದಲಿಸಿದ್ದು. ನಿಲ್ಲುವ ಕಪ್ಪು ತಾಮ್ರ ಮತ್ತು ಕ್ರೋಮಿಯಮ್ ಅಥವಾ ಮ್ಯಾಂಗನೀಸ್ ಮತ್ತು ಕಬ್ಬಿಣದ ಮಿಶ್ರ ಆಕ್ಸೈಡುಗಳದು. ಇವು ಸಾವಿರ ಡಿಗ್ರಿಯಂಥ ಕುಲುಮೆಯಲ್ಲಿ ಬೆಂದು ಬಂದವು. ಎಂಜಿನ್ನಿನ ಬಿಸಿಗೆ ಜಗ್ಗುವುದಿಲ್ಲ. ಅಲ್ಯೂಮಿನಿಯಮ್ ಬೂದುಬಣ್ಣ ಅಗ್ಗ, ನಂಬಿಕಸ್ತ. ಅದರ ಚಕ್ಕೆಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಮಲಗಿ ನೀರಿನ ದಾರಿಯನ್ನು ಮುಚ್ಚುತ್ತವೆ. ಅಲ್ಯೂಮಿನಿಯಮ್ ಕರಗುವುದೇ 660 ಡಿಗ್ರಿಗೆ, ಆದ್ದರಿಂದ ಅದರ ಮಿತಿ 600 ಎಂದಿಟ್ಟುಕೊಳ್ಳಿ. ಕನ್ನಡಿಯಂಥ ಹೊಳಪಿನ ಆಸೆಯನ್ನಂತೂ ಬಿಟ್ಟುಬಿಡಿ. ಇಂಥ ಬಣ್ಣದಲ್ಲಿ ಪುಡಿ ಹೆಚ್ಚು, ರಾಳ ಕಡಿಮೆ. ಮಂಕಾಗಿರುವುದೇ ಅದರ ಲಕ್ಷಣ.

ಕಪ್ಪೋ ಬೆಳ್ಳಿಯೋ ಎಂಬುದು ಬರಿಯ ಚಂದದ ಪ್ರಶ್ನೆಯಲ್ಲ. ಕಪ್ಪು ಮೈ ಬಿಸಿಯನ್ನು ಹೆಚ್ಚು ಸೂಸುತ್ತದೆ. 500 ಡಿಗ್ರಿ ಎಂದರೆ 773 ಕೆಲ್ವಿನ್. ಸ್ಟೆಫಾನ್ ನಿಯಮದಲ್ಲಿ ಅದರ ನಾಲ್ಕನೆಯ ಘಾತ ತೆಗೆದು ಗುಣಿಸಿ ನೋಡಿ: ಪೂರ್ಣ ಕಪ್ಪು ಮೈ ಒಂದು ಚದರ ಮೀಟರಿಗೆ ಸುಮಾರು 20 ಕಿಲೋವಾಟ್ ಸೂಸುತ್ತದೆ. ಮ್ಯಾನಿಫೋಲ್ಡಿನ ಹೊರಮೈ ಚದರ ಮೀಟರಿನ ಹತ್ತನೆಯ ಒಂದು ಪಾಲು ಎಂದುಕೊಂಡರೂ 2 ಕಿಲೋವಾಟ್, ಬಚ್ಚಲುಮನೆಯ ಗೀಸರಿನಷ್ಟು! ಅಲ್ಯೂಮಿನಿಯಮ್ ಬಣ್ಣ ಬಳಿದರೆ ಸೂಸುವಿಕೆ ಇದರ ಅರ್ಧಕ್ಕೂ ಕಡಿಮೆಯಾಗುತ್ತದೆ. ಕಾರ್ಬ್ಯುರೇಟರ್ ನೆತ್ತಿಯ ಮೇಲೇ ಇರುವ ಅಂಬಾಸಡರಿಗೆ ನನ್ನ ಮತ ಬೂದುಬಣ್ಣಕ್ಕೆ.

ಡಬ್ಬಿಯ ಮೇಲೆ ಏನು ಓದಬೇಕು? ‘ಹೀಟ್ ರೆಸಿಸ್ಟೆಂಟ್’ ಎಂಬ ಮಾತಿಗೆ ಬೆಲೆಯಿಲ್ಲ, ಅಂಕಿಗೆ ಬೆಲೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 13183 ಎಂಬ ಮಾನಕ ಕಾವು ತಡೆಯುವ ಅಲ್ಯೂಮಿನಿಯಮ್ ಬಣ್ಣಕ್ಕಾಗಿಯೇ ಇದೆ. ಅದರಲ್ಲಿ ಮೂರು ದರ್ಜೆ: ಮೊದಲನೆಯದು 600 ಡಿಗ್ರಿವರೆಗೆ, ಎರಡನೆಯದು 400, ಮೂರನೆಯದು 200. ಮ್ಯಾನಿಫೋಲ್ಡಿಗೆ ಮೊದಲನೆಯ ದರ್ಜೆಯೇ ಬೇಕು. ಸ್ಪ್ರೇ ಡಬ್ಬಿಗಳಲ್ಲಿ 1200, 2000 ಎಂಬ ದೊಡ್ಡ ಅಂಕಿಗಳನ್ನು ಕಂಡು ಹಿಗ್ಗಬೇಡಿ. ಪಕ್ಕದಲ್ಲಿ ಫ್ಯಾರನ್‌ಹೀಟ್ ಎಂದಿರುತ್ತದೆ. ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿ. 1200 ಎಂದರೆ ಸುಮಾರು 650, 2000 ಎಂದರೆ ಸುಮಾರು 1093. ಜೊತೆಗೆ, ಆ ಅಂಕಿ ಸತತವಾಗಿ ತಡೆಯುವ ಕಾವೋ ಅಥವಾ ಆಗಾಗ ಮುಟ್ಟಿ ಇಳಿಯುವ ಕಾವೋ ಎಂಬುದನ್ನೂ ಚಿಕ್ಕಕ್ಷರದಲ್ಲಿ ಬರೆದಿರುತ್ತಾರೆ. ಸತತದ ಅಂಕಿಯನ್ನೇ ನಂಬಿ.

ಪಾಲಕರು ಇಲ್ಲಿ ನ್ಯಾಯವಾಗಿಯೇ ಕೇಳಬಹುದು, ಇಷ್ಟೆಲ್ಲ ಯಾಕೆ, ಬಣ್ಣವಿಲ್ಲದೆ ಓಡುವುದಿಲ್ಲವೇ ಎಂದು. ಓಡುತ್ತದೆ. ಬೀಡುಕಬ್ಬಿಣದ ದಪ್ಪ ಎರಕ ಮೇಲೆ ತುಕ್ಕು ಹಿಡಿದರೂ ವರ್ಷಾನುಗಟ್ಟಲೆ ಬಾಳುತ್ತದೆ. ತೆಳು ತಗಡಿನ ಸೈಲೆನ್ಸರಿಗಾದರೆ ಬಣ್ಣ ಹೆಚ್ಚು ಅಗತ್ಯ. ಅಲ್ಲಿಯೂ ಒಳಗಿನಿಂದ ಕೊರೆಯುವ ತುಕ್ಕಿಗೆ ಬಣ್ಣ ಏನೂ ಮಾಡಲಾರದು, ಏಕೆಂದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ! ಅಂಗಡಿಗೆ ಹೋಗಿಬರುವಷ್ಟೇ ಓಡಿಸಿದರೆ ಆ ನೀರು ಆವಿಯಾಗಿ ಹೊರಹೋಗದೆ ಕೊಳವೆಯಲ್ಲೇ ಕೂರುತ್ತದೆ. ದುಡ್ಡಿಗೆ ಚಿಂತೆಯಿಲ್ಲದ ಕಡೆ ಬೇರೆ ಉಪಾಯಗಳೂ ಇದ್ದವು. ಬ್ರಿಟನ್ನಿನ ಜಾಗ್ವಾರ್ ಕಂಪನಿ ತನ್ನ ಈ-ಟೈಪ್ ಕಾರುಗಳ ಮ್ಯಾನಿಫೋಲ್ಡಿಗೆ ಗಾಜಿನ ಎನಾಮಲ್ ಹಾಕುತ್ತಿತ್ತು. ನಮ್ಮ ಅಜ್ಜಿಯರ ಕಾಲದ ಎನಾಮಲ್ ತಟ್ಟೆ, ಬೇಸಿನ್‌ಗಳ ಮೇಲಿದ್ದುದೂ ಅದೇ ಜಾತಿಯ ಲೇಪ: ಗಾಜಿನ ಪುಡಿಯನ್ನು ಲೋಹದ ಮೇಲೆ ಸುಮಾರು 800 ಡಿಗ್ರಿಯಲ್ಲಿ ಕರಗಿಸಿ ಹಿಡಿಸುವುದು. ತಟ್ಟೆ ಕೈಜಾರಿ ಬಿದ್ದರೆ ಚಕ್ಕೆ ಏಳುತ್ತಿದ್ದ ಹಾಗೆ ಅದೂ ಏಳುತ್ತಿತ್ತು.

ಆದರೆ ಬಣ್ಣಕ್ಕಿಂತ ಮೊದಲು ಮಾಡಬೇಕಾದ ಕೆಲಸವಿದೆ, ಅದರಲ್ಲಿ ರಿಯಾಯಿತಿ ಇಲ್ಲ. ಮ್ಯಾನಿಫೋಲ್ಡ್ ಸೀಳಿದೆಯೇ ನೋಡಬೇಕು. ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಕೂಡಲೇ ‘ಟಿಕ್ ಟಿಕ್’ ಎಂದು ಸದ್ದಾಗಿ, ಕಾದಂತೆ ಅದು ಅಡಗಿದರೆ, ಸೀಳಿನಿಂದಲೋ ಗ್ಯಾಸ್ಕೆಟ್ಟಿನ ಸಂದಿನಿಂದಲೋ ಹೊಗೆ ಸೋರುತ್ತಿರಬಹುದು. ಬಿಸಿಗೆ ಕಬ್ಬಿಣ ಹಿಗ್ಗಿ ಸಂದು ಮುಚ್ಚಿದಾಗ ಸದ್ದು ನಿಲ್ಲುತ್ತದೆ. ಮಸಿಯ ಗೆರೆಯೂ ಅದರ ಗುರುತು. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಾರಿನೊಳಗೆ ಸೇರಿದರೆ ನಿದ್ದೆ ಬಂದಂತೆ ತೋರಿಸಿ ಪ್ರಾಣ ತೆಗೆಯುತ್ತದೆ. ಸೀಳಿನ ಮೇಲೆ ಬಣ್ಣ ಬಳಿದರೆ ಸೋರಿಕೆ ನಿಲ್ಲುವುದಿಲ್ಲ, ಕಣ್ಣಿಗೆ ಕಾಣುವುದು ನಿಲ್ಲುತ್ತದೆ. ಹುಡುಗ ಬರೆದಿರುವ ಕಮಟು ಹೊಗೆ ಬಣ್ಣದ್ದೇ ಎಂದು ಖಾತ್ರಿಯಾಗುವವರೆಗೆ ಮನೆಯವರನ್ನು ಆ ಕಾರಿನಲ್ಲಿ ಕೂರಿಸಬಾರದು.

ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವ ಸಂಭವ ಹೆಚ್ಚು. ಒಣಗಿದ್ದಾಗ ಕೆರೆಯಬೇಡಿ, ಊದಬೇಡಿ. ನೀರು ಹನಿಸಿ ಒದ್ದೆ ಮಾಡಿ, ಮೆಲ್ಲಗೆ ಬಿಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಾಕಿ. ತುಕ್ಕು ತೆಗೆಯಲು ಮರಳು ಸಿಡಿಸುವ ಯಂತ್ರಕ್ಕೆ ಕೊಡೋಣವೆಂದು ಗ್ಯಾರೇಜಿನವರು ಹೇಳಬಹುದು. ಮೈ ಚೊಕ್ಕಟವಾಗುವುದು ನಿಜ, ಆದರೆ ಆ ಕೆಲಸ ಮಾಡುವವನ ಎದೆಗೂಡಿಗೆ ಹೋಗುವ ಸಿಲಿಕಾ ಧೂಳು ಸಿಲಿಕೋಸಿಸ್ ತರುತ್ತದೆ; ಅದಕ್ಕೆ ಮದ್ದಿಲ್ಲ. ಮರಳಿನ ಬದಲು ಬೇರೆ ಪುಡಿ ಬಳಸುವ, ಮುಚ್ಚಿದ ಪೆಟ್ಟಿಗೆಯಲ್ಲಿ ಸಿಡಿಸುವ ಕಡೆ ಕೊಡಿ. ಇಲ್ಲದಿದ್ದರೆ ವೈರ್ ಬ್ರಷ್, ಎಮರಿ ಪೇಪರ್, ಮಾಸ್ಕು, ಕನ್ನಡಕ, ಒಂದು ಭಾನುವಾರ. ಹಿಂದೆ ಬಳಿದ ಬಣ್ಣ ಚೂರೂ ಉಳಿಯಬಾರದು, ಏಕೆಂದರೆ ಅದು ಉದುರುವಾಗ ಹೊಸದನ್ನೂ ಎಳೆದುಕೊಂಡು ಹೋಗುತ್ತದೆ. ರೆಡ್ ಆಕ್ಸೈಡ್ ಪ್ರೈಮರ್ ಬೇಡವೇ ಬೇಡ. ಅದರ ರಾಳವೂ ಎಣ್ಣೆ ಜಾತಿಯದೇ. ಕೊನೆಯಲ್ಲಿ ಥಿನ್ನರಿನಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಸಾಕು, ಅಷ್ಟಗಲ ಬಣ್ಣ ಏಳಲು.

ಇನ್ನು ಬಳಿಯುವುದು. ದಪ್ಪ ಬಳಿದರೆ ಗಟ್ಟಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇಲ್ಲಿ ಅದು ತಿರುಗುಮುರುಗು. ಅರ್ಧ ಮೀಟರ್ ಉದ್ದದ ಬೀಡುಕಬ್ಬಿಣ 600 ಡಿಗ್ರಿಯಷ್ಟು ಕಾವೇರಿದರೆ ಸುಮಾರು 3 ಮಿಲಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ, ತಣಿದಾಗ ಕುಗ್ಗುತ್ತದೆ. ಪ್ರತಿ ಸಲ ಬಣ್ಣವೂ ಅದರೊಡನೆ ಹಿಗ್ಗಿ ಕುಗ್ಗಬೇಕು. ತೆಳು ಪದರ ಹೇಗೋ ಹೊಂದಿಕೊಳ್ಳುತ್ತದೆ, ದಪ್ಪ ಪದರ ಬಿರಿಯುತ್ತದೆ. ಕೂದಲೆಳೆಗಿಂತ ತೆಳ್ಳಗೆ ಎರಡು ಕೋಟ್ ಸಾಕು.

ಬಣ್ಣ ಒಣಗಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಈ ಬಣ್ಣ ಬೇಯಬೇಕು. ಒಮ್ಮೆಲೇ ಕಾಯಿಸಿದರೆ ಒಳಗೆ ಉಳಿದ ದ್ರಾವಕ ಕುದಿದು ಪದರ ಪೂರಿಯಂತೆ ಉಬ್ಬುತ್ತದೆ. ಕೆಲವು ಡಬ್ಬಿಗಳ ಮೇಲೆ 120, 200, 315 ಡಿಗ್ರಿ ಎಂದು ಮೂರು ಹಂತ, ಪ್ರತಿಯೊಂದರಲ್ಲೂ ಅರ್ಧ ಗಂಟೆ, ನಡುನಡುವೆ ತಣಿಯಲು ಬಿಡಿ ಎಂದು ಕೊಟ್ಟಿರುತ್ತಾರೆ. ಅಮ್ಮನ ಕೇಕ್ ಓವನ್ನಿನ ಮೇಲೆ ಕಣ್ಣು ಹಾಕಬೇಡಿ. ಹೊರಬರುವ ಆವಿಯಲ್ಲಿ ಬೆಂಜೀನಿನಂಥ ವಿಷವೂ ಇರಬಹುದು, ಮುಂದೆ ಅದರಲ್ಲೇ ಊಟ ಬೇಯಬೇಕು. ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಜೋಡಿಸಿ, ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಮೊದಲು ಹತ್ತು ನಿಮಿಷ ಸುಮ್ಮನೆ ಓಡಿಸಿ ಪೂರ್ತಿ ತಣಿಸಿ. ಆಮೇಲೆ ಇಪ್ಪತ್ತು ನಿಮಿಷ, ಮತ್ತೆ ತಣಿಸಿ. ಕೊನೆಗೆ ರಸ್ತೆಯ ಮೇಲೆ ಒಂದು ಸುತ್ತು. ಡಬ್ಬಿಯ ಮೇಲೆ ಬೇರೆ ಕ್ರಮವಿದ್ದರೆ ಅದನ್ನೇ ಅನುಸರಿಸಿ. ಮೊದಲ ಓಟದಲ್ಲಿ ಹೊಗೆ ಬರುತ್ತದೆ, ಗಾಬರಿಯಾಗಬೇಡಿ. ನಾನು ಮೇಲೆ ಹೇಳಿದ ರೆಂಬೆಗಳು ಸುಡುವ ಹೊಗೆ ಅದು. ಗಾಳಿಗೆ ಬೆನ್ನು ಹಾಕಿ ದೂರ ನಿಲ್ಲಿ, ಕೈಗೆಟಕುವಂತೆ ಬೆಂಕಿ ಆರಿಸುವ ಸಾಧನವಿರಲಿ, ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬೇಡಿ. ಎರಡನೆಯ, ಮೂರನೆಯ ಓಟದ ಹೊತ್ತಿಗೆ ಹೊಗೆ ನಿಲ್ಲಬೇಕು. ನಿಲ್ಲದಿದ್ದರೆ ಹಳೆಯ ಬಣ್ಣವೋ ಎಣ್ಣೆಯೋ ಉಳಿದಿದೆ ಎಂದರ್ಥ, ಇಲ್ಲವೇ ಎಲ್ಲಿಂದಲೋ ಎಣ್ಣೆ ಸೋರಿ ಮ್ಯಾನಿಫೋಲ್ಡಿನ ಮೇಲೆ ಬೀಳುತ್ತಿದೆ.

ಆಮೇಲೆ ಕಾರು ತೊಳೆಯುವ ಉತ್ಸಾಹದಲ್ಲಿ ಬಿಸಿ ಎಂಜಿನ್ನಿಗೆ ಪೈಪಿನಿಂದ ನೀರು ಬಿಡಬೇಡಿ. ಕುದಿಯುವ ಕಾಫಿ ಸುರಿದ ದಪ್ಪ ಗಾಜಿನ ಲೋಟ ಫಟ್ಟೆಂದು ಒಡೆಯುವುದು ಯಾವ ಕಾರಣಕ್ಕೋ, ಅದೇ ಕಾರಣಕ್ಕೆ ಬೀಡುಕಬ್ಬಿಣವೂ ಸೀಳುತ್ತದೆ. ಕೈಯಿಂದ ಮುಟ್ಟುವಷ್ಟು ತಣ್ಣಗಾಗುವವರೆಗೆ, ಎಂದರೆ ಎರಡು ಮೂರು ಗಂಟೆ, ಕಾಯಿರಿ.